೧೮೬೭ ಎಂದು ಅಚ್ಚಾಗಿದ್ದರೆ ಪುಸ್ತಕ 1867ರದ್ದೇ?

ಪ್ರಶ್ನೆ: ನಾನು ಗುಬ್ಬಿಯವಳು, ತುಮಕೂರಿನಲ್ಲಿ ಹೈಸ್ಕೂಲ್ ಟೀಚರ್. ಒಂದು ವರ್ಷದಿಂದ ಹಳೆಯ ಕನ್ನಡ ಪುಸ್ತಕ ಹುಡುಕುವ ಹುಚ್ಚು ಹಿಡಿದಿದೆ. ಆದರೆ ಇಲ್ಲಿನ ಸೆಕೆಂಡ್ ಹ್ಯಾಂಡ್ ಪುಸ್ತಕದಂಗಡಿಗಳಲ್ಲಿ ಪಿಯುಸಿ ಗೈಡು, ಸಿಇಟಿ ಪುಸ್ತಕ ಬಿಟ್ಟರೆ ಏನೂ ಸಿಗುವುದಿಲ್ಲ. ಹೋದ ವಾರ ಮಂಡಿಪೇಟೆ ಕಡೆ ಒಂದು ಗುಜರಿ ಅಂಗಡಿಯಲ್ಲಿ ಜೈಮಿನಿ ಭಾರತದ ಹಳೆ ಪ್ರತಿ ಕಂಡಿತು. ಒಳಗೆ ೧೮೬೭ ಎಂದು ಅಚ್ಚಾಗಿದೆ. ಅಂಗಡಿಯವರು ಐದು ಸಾವಿರ ಹೇಳುತ್ತಿದ್ದಾರೆ. ತೆಗೆದುಕೊಳ್ಳಲೇ? ಫೋಟೋ ಕಳಿಸಿದ್ದೇನೆ. ಅದೇ ಮನೆಯಿಂದ ಬಂದ ನಾಟಕದ ಹಾಡಿನ ಪುಸ್ತಕಗಳ ಒಂದು ಕಟ್ಟನ್ನೂ ತೋರಿಸಿ ಐವತ್ತು ರೂಪಾಯಿ ಕೊಡಿ ಎಂದರು. ಹರಿದು ಹೋಗಿತ್ತು, ಬೇಡ ಅಂದೆ.

ಉತ್ತರ: ಐದು ಸಾವಿರ ಕೊಡಬೇಡಿ ಮೇಡಂ. ಆದರೆ ಆ ಅಂಗಡಿಗೆ ಇನ್ನೊಂದು ಸಲ ಹೋಗಿ. ಆದಷ್ಟು ಬೇಗ ಹೋಗಿ. ಯಾಕೆ ಅಂತ ಹೇಳುತ್ತೇನೆ.

ನಿಮ್ಮ ಮೂರು ಫೋಟೋಗಳನ್ನೂ ದೊಡ್ಡದು ಮಾಡಿ ನೋಡಿದೆ. ಎರಡನೇ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ "೧೮೬೭ನೇ ಇಸವಿ ೨೫ನೇ ಆಕ್ಟಿನ ಮೇರೆಗೆ ರಿಜಿಸ್ಟರ್ ಮಾಡಿಸಿದೆ" ಎಂದಿದೆ. ಅದು ಕಾಯಿದೆ ಬಂದ ವರ್ಷ. ಅಚ್ಚುಕೂಟಗಳನ್ನೂ ಪುಸ್ತಕಗಳನ್ನೂ ನೋಂದಾಯಿಸಬೇಕು ಎಂದು ಬ್ರಿಟಿಷ್ ಸರ್ಕಾರ ಮಾಡಿದ ಕಾನೂನು ಅದು. ಅಚ್ಚು ಹಾಕಿದವರ ಹೆಸರು, ಊರು ಪುಸ್ತಕದಲ್ಲಿ ಇರಲೇಬೇಕು ಎಂದು ಹೇಳಿದ್ದೂ ಅದೇ ಕಾನೂನು. ಆಮೇಲೆ ಎಷ್ಟೋ ವರ್ಷ ಪ್ರಕಾಶಕರು ಈ ಸಾಲನ್ನು ಹಾಕುತ್ತಲೇ ಬಂದರು. ಹೀಗಾಗಿ 1867 ಎಂಬ ಸಂಖ್ಯೆ ಬೇರೆ ಬೇರೆ ಕಾಲದ ಪುಸ್ತಕಗಳಲ್ಲಿ ಕಾಣಿಸುತ್ತದೆ. ಅಂಗಡಿಯವರು ನಿಮಗೆ ಮೋಸ ಮಾಡುತ್ತಿದ್ದಾರೆ ಎಂದು ನನಗೆ ಅನ್ನಿಸುವುದಿಲ್ಲ. ಅವರೂ ಆ ಅಂಕಿಯನ್ನೇ ನಂಬಿದ್ದಾರೆ. ಸಮಾಧಾನವಾಗಿ ಹೇಳಿದರೆ ಒಪ್ಪುತ್ತಾರೆ.

ಹಾಗಾದರೆ ಈ ಪುಸ್ತಕ ಯಾವಾಗಿನದು? ಉತ್ತರ ನಿಮ್ಮ ಫೋಟೋಗಳಲ್ಲೇ ಇದೆ. ಹೆಸರು ಪುಟದ ಕೆಳಗೆ "ವ್ಯಯ ಸಂವತ್ಸರ" ಎಂದಿದೆ. ಹಳೆಯ ಕನ್ನಡ ಪುಸ್ತಕ ಹುಡುಕುವವರು ಅರವತ್ತು ಸಂವತ್ಸರಗಳ ಪಟ್ಟಿಯನ್ನು ಜೇಬಿನಲ್ಲಿ ಇಟ್ಟುಕೊಂಡೇ ಓಡಾಡಬೇಕು. ಪಂಚಾಂಗದ ಒಂದು ಪುಟದ ಫೋಟೋ ಮೊಬೈಲಲ್ಲಿದ್ದರೆ ಸಾಕು. 1867ರ ಯುಗಾದಿಗೆ ಪ್ರಭವ ಶುರುವಾಯಿತು. 1927ಕ್ಕೆ ಮತ್ತೆ ಪ್ರಭವ, 1987ಕ್ಕೆ ಮತ್ತೆ. ವ್ಯಯ ಅದರಲ್ಲಿ ಇಪ್ಪತ್ತನೆಯದು. ಅಂದರೆ 1886 ಇಲ್ಲವೇ 1946. ವರ್ಷ ಯುಗಾದಿಯಿಂದ ಯುಗಾದಿಗೆ ಆದ್ದರಿಂದ ಮುಂದಿನ ಇಸವಿಯ ಮೊದಲ ಮೂರು ತಿಂಗಳೂ ಇದರಲ್ಲೇ ಸೇರುತ್ತವೆ. ಕೆಲವರು ಶಾಲಿವಾಹನ ಶಕ ಮಾತ್ರ ಹಾಕುತ್ತಾರೆ. ಅದಕ್ಕೆ 78 ಕೂಡಿದರೆ ಇಸವಿ ಸಿಗುತ್ತದೆ. ಅಂಕಿ ಓದುವಾಗ ಮಾತ್ರ ಜೋಪಾನ. ಸವೆದ ಅಚ್ಚಿನ ಮೊಳೆಯಲ್ಲಿ (ಅಕ್ಷರದ ಸೀಸದ ತುಂಡು) ೬ ಮತ್ತು ೯ ಒಂದೇ ಥರ ಕಾಣುತ್ತವೆ.

1886ಕ್ಕೂ 1946ಕ್ಕೂ ನಡುವೆ ಅರವತ್ತು ವರ್ಷ. ಇದರಲ್ಲಿ ಯಾವುದು ಅಂತ ಗೊತ್ತಾಗುವುದು ಹೇಗೆ? ಬೆಲೆ "ರೂ. ೧-೮-೦" ಎಂದಿದೆ, ಒಂದೂವರೆ ರೂಪಾಯಿ. ರೂಪಾಯಿ-ಆಣೆ-ಪೈ ಲೆಕ್ಕ 1957ರ ಏಪ್ರಿಲ್ 1ರವರೆಗೂ ಇತ್ತು. ಆಮೇಲೆ ನಯಾಪೈಸೆ ಬಂತು. ಹಾಗಾಗಿ ಬೆಲೆ ಇಲ್ಲಿ ಸಹಾಯಕ್ಕೆ ಬರುವುದಿಲ್ಲ. ಸಹಾಯಕ್ಕೆ ಬರುವುದು ಪ್ರೆಸ್ಸಿನ ಹೆಸರು. ಅದರಲ್ಲಿ "ಎಲೆಕ್ಟ್ರಿಕ್" ಎಂಬ ಪದ ಇದೆ, ನೋಡಿ. ಊರು ಬೆಂಗಳೂರು. ಶಿವನಸಮುದ್ರದ ಕರೆಂಟು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ, 1902ರಲ್ಲಿ. ಬೆಂಗಳೂರಿಗೆ ಬಂದದ್ದು 1905ರಲ್ಲಿ. 1886ರಲ್ಲಿ ಬೆಂಗಳೂರಿನ ಯಾವ ಅಚ್ಚುಕೂಟವೂ ತನ್ನನ್ನು ಎಲೆಕ್ಟ್ರಿಕ್ ಎಂದು ಕರೆದುಕೊಳ್ಳುವ ಹಾಗಿರಲಿಲ್ಲ. ಆದ್ದರಿಂದ ಇದು 1946-47ರ ಪ್ರತಿ.

ಕಾಗದವೂ ಅದನ್ನೇ ಹೇಳುತ್ತಿದೆ. ಅಂಚು ಕಂದು ಬಣ್ಣಕ್ಕೆ ತಿರುಗಿದೆ, ಮೂಲೆ ಬಿಸ್ಕತ್ತಿನ ಹಾಗೆ ಮುರಿದಿದೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಕಾಗದಕ್ಕೆ ಬರ ಬಂದಿತ್ತು. ಯುದ್ಧ ಮುಗಿದ ಮೇಲೂ ಆ ಕಷ್ಟ ತಕ್ಷಣ ತೀರಲಿಲ್ಲ. ಸಿಕ್ಕಿದ ಕಾಗದದ ಮೇಲೆ ಅಚ್ಚು ಹಾಕಿದರು. ಹೊಸಬರು ಇಲ್ಲಿ ಒಂದು ತಪ್ಪು ಮಾಡುತ್ತಾರೆ. ಕಾಗದ ಜಾಸ್ತಿ ಹಾಳಾಗಿದ್ದರೆ ಪುಸ್ತಕ ಜಾಸ್ತಿ ಹಳೆಯದು ಅಂದುಕೊಳ್ಳುತ್ತಾರೆ. ಹಾಗಲ್ಲ. ಹತ್ತೊಂಬತ್ತನೇ ಶತಮಾನದ ನಡುಭಾಗದವರೆಗೆ ಕಾಗದವನ್ನು ಹೆಚ್ಚಾಗಿ ಚಿಂದಿ ಬಟ್ಟೆಯಿಂದ ಮಾಡುತ್ತಿದ್ದರು. ಅದು ಗಟ್ಟಿ, ಮೆತ್ತಗೆ ಬಾಗುತ್ತದೆ. ಮರದ ತಿರುಳಿನ ಕಾಗದ ಬಂದ ಮೇಲೆ ಅದರೊಳಗಿನ ಆಮ್ಲವೇ ಅದನ್ನು ತಿನ್ನತೊಡಗಿತು. 1850ರ ಪುಸ್ತಕವನ್ನು ನಿಶ್ಚಿಂತೆಯಿಂದ ಮಗುಚಬಹುದು. 1945ರ ಪುಸ್ತಕವನ್ನು ಮುಟ್ಟಲು ಭಯವಾಗುತ್ತದೆ.

ಈಗ ಬೆಲೆಯ ಮಾತು. ಜೈಮಿನಿ ಭಾರತ ನಮ್ಮ ಕಡೆ ಮನೆಮನೆಯಲ್ಲಿ ರಾಗವಾಗಿ ಓದಿದ ಕಾವ್ಯ. ಮತ್ತೆ ಮತ್ತೆ ಅಚ್ಚಾಗಿದೆ. ಹಳೆ ಪುಸ್ತಕಗಳಲ್ಲಿ ಇದರಷ್ಟು ಸುಲಭವಾಗಿ ಸಿಗುವುದು ಕಡಿಮೆ. ಪುಟ ಎಲ್ಲಾ ಇದ್ದರೆ ಮುನ್ನೂರು, ನಾನೂರು ಕೊಡಬಹುದು. ನಿಮ್ಮ ಅಜ್ಜಿ ಇದೇ ಥರದ ಪ್ರತಿಯಲ್ಲಿ ಓದುತ್ತಿದ್ದರು ಅನ್ನುವ ನೆನಪಿದ್ದರೆ ಐನೂರು ಕೊಟ್ಟರೂ ತಪ್ಪಿಲ್ಲ. ಅದಕ್ಕಿಂತ ಜಾಸ್ತಿ ಬೇಡ.

ಆದರೆ ಆ ಕಟ್ಟು! ನಿಮ್ಮ ಪತ್ರದಲ್ಲಿ ಆ ಕೊನೆಯ ಸಾಲು ಓದಿ ನನಗೆ ಕೂತಲ್ಲಿ ಕೂರಲು ಆಗಲಿಲ್ಲ.

ನಿಮ್ಮ ಊರಿನದೇ ವಿಷಯ. ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿದ್ದು 1884ರಲ್ಲಿ. ಆ ಕಾಲದ ಕಂಪನಿ ನಾಟಕ ಎಂದರೆ ಹಾಡು. ನಾಟಕ ನೋಡಲು ಬಂದವರು ಹಾಡಿನ ಪುಸ್ತಕವನ್ನೂ ಕೊಂಡು ಮನೆಗೆ ಒಯ್ಯುತ್ತಿದ್ದರು. ಹದಿನಾರು ಪುಟ, ಮೂವತ್ತೆರಡು ಪುಟ. ಬೆಲೆ ಒಂದಾಣೆ, ಎರಡಾಣೆ. ತೆಳು ಕಾಗದ, ರಟ್ಟಿಲ್ಲ, ಸುಮ್ನೆ ಎರಡು ಹೊಲಿಗೆ. ಅದನ್ನು ಯಾವ ಲೈಬ್ರರಿಯವರೂ ಮುತುವರ್ಜಿಯಿಂದ ಎತ್ತಿಡಲಿಲ್ಲ. ಮನೆಯಲ್ಲಿ ಹಾಡಿ ಹಾಡಿ ಹರಿದವು, ಒಲೆಗೆ ಹೋದವು, ಪೊಟ್ಟಣ ಕಟ್ಟಲು ಹೋದವು. ಜೈಮಿನಿ ಭಾರತವನ್ನು ದೇವರ ಗೂಡಿನಲ್ಲಿ ಇಟ್ಟರು, ಉಳಿಯಿತು. ಹಾಡಿನ ಪುಸ್ತಕ ಕೈಯಿಂದ ಕೈಗೆ ಹೋಯಿತು, ಉಳಿಯಲಿಲ್ಲ. ಇಷ್ಟು ವರ್ಷ ಹುಡುಕಿದ ಮೇಲೆ ನನಗೆ ಗಟ್ಟಿಯಾಗಿರುವ ಮಾತು ಇದೊಂದೇ. ಎಷ್ಟು ಹಳೆಯದು ಎನ್ನುವುದಕ್ಕಿಂತ ಎಷ್ಟು ಉಳಿದಿವೆ ಎಂದು ಕೇಳಬೇಕು. ದಪ್ಪ ಪುಸ್ತಕಕ್ಕೆ ಕಾಯುವವರು ಇರುತ್ತಾರೆ. ತೆಳ್ಳಗಿನದಕ್ಕೆ ಯಾರೂ ಇರುವುದಿಲ್ಲ.

ನನ್ನದೇ ಒಂದು ಸಂಗತಿ ಹೇಳುತ್ತೇನೆ. ಇಪ್ಪತ್ತು ವರ್ಷದ ಹಿಂದೆ ಚಿಂತಾಮಣಿಯಲ್ಲಿ ಒಂದು ಹಳೇ ಪೇಪರ್ ಅಂಗಡಿಯಲ್ಲಿ ಅಂಗೈ ಅಗಲದ ಪುಸ್ತಕ ಸಿಕ್ಕಿತ್ತು. ತೆರೆದರೆ ಲಿಪಿ ಕನ್ನಡ, ಭಾಷೆ ತೆಲುಗು. ಕೈವಾರದ ತಾತಯ್ಯನವರ ಪದಗಳು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಇದು ಸಹಜ. ಜನ ತೆಲುಗಿನಲ್ಲಿ ಹಾಡುತ್ತಾರೆ, ಕನ್ನಡ ಅಕ್ಷರದಲ್ಲಿ ಓದುತ್ತಾರೆ. ಮುಖಪುಟ ಇರಲಿಲ್ಲ. ಅಂಗಡಿಯವರು ಮೂವತ್ತು ಕೇಳಿದರು. ನಾನು ಇಪ್ಪತ್ತಕ್ಕೆ ಹಟ ಹಿಡಿದೆ. ಅವರು ಕೊಡಲಿಲ್ಲ. ಊಟ ಮಾಡಿ ಬರೋಣ, ಅಷ್ಟರಲ್ಲಿ ಇಳಿಸುತ್ತಾರೆ ಅಂದುಕೊಂಡು ಹೋದೆ. ಬರುವಷ್ಟರಲ್ಲಿ ಆ ರಾಶಿಯೆಲ್ಲ ಲಾರಿಗೆ ಏರಿ ಹೋಗಿತ್ತು. ಅದೇ ಅಚ್ಚಿನ ಇನ್ನೊಂದು ಪ್ರತಿಯನ್ನು ನಾನು ಇವತ್ತಿನವರೆಗೂ ನೋಡಿಲ್ಲ. ಹತ್ತು ರೂಪಾಯಿಗೆ ಅದನ್ನು ಕಳೆದುಕೊಂಡೆ. ಆ ನೋವು ಇನ್ನೂ ಹೋಗಿಲ್ಲ. ಅದಕ್ಕೇ ಬೇಗ ಹೋಗಿ ಎಂದದ್ದು.

ಇನ್ನು ನಿಮ್ಮ ಮೊದಲ ದೂರು, ಅಂಗಡಿಗಳಲ್ಲಿ ಗೈಡು ಬಿಟ್ಟರೆ ಏನೂ ಸಿಗುವುದಿಲ್ಲ ಅನ್ನುವುದು. ನಿಜ. ತುಮಕೂರು ಕಾಲೇಜುಗಳ ಊರು. ಅಂಗಡಿಯವರ ಹೊಟ್ಟೆಪಾಡು ಪಠ್ಯಪುಸ್ತಕದಿಂದಲೇ ನಡೆಯಬೇಕು. ಮೇ, ಜೂನ್ ತಿಂಗಳಲ್ಲಂತೂ ಅವರಿಗೆ ನಿಮ್ಮ ಜೊತೆ ಮಾತಾಡಲೂ ಪುರುಸೊತ್ತು ಇರುವುದಿಲ್ಲ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಹಳೆಯ ಪುಸ್ತಕ ಬರುವ ದಾರಿಯೇ ಬೇರೆ. ಹಳ್ಳಿಯಲ್ಲಿ ಒಂದು ತೊಟ್ಟಿಮನೆ ಕೆಡವುತ್ತಾರೆ. ಅಟ್ಟದ ಮೇಲಿಂದ ಪೆಟ್ಟಿಗೆ ಇಳಿಯುತ್ತದೆ. ಹಿತ್ತಾಳೆ, ತಾಮ್ರ ಒಂದು ಕಡೆ, ಪುಸ್ತಕ ಒಂದು ಕಡೆ. ಅದು ಸೀದಾ ಗುಜರಿಗೆ ಹೋಗುತ್ತದೆ. ಅಲ್ಲಿ ರಟ್ಟಿಗೆ ಒಂದು ರೇಟು, ಕಾಗದಕ್ಕೆ ಒಂದು ರೇಟು. ಆದ್ದರಿಂದ ಮೊದಲು ರಟ್ಟು ಕಿತ್ತು ಬೇರೆ ಹಾಕುತ್ತಾರೆ. ರಟ್ಟಿನ ಜೊತೆಗೆ ಮೊದಲ ಎರಡು ಪುಟವೂ ಕಿತ್ತು ಬರುತ್ತವೆ. ಹೆಸರು, ಊರು, ವರ್ಷ ಎಲ್ಲಾ ಅಲ್ಲೇ ಹೋಯಿತು.

ಅದಕ್ಕೆ ನೀವು ಮಾಡಬೇಕಾದ ಕೆಲಸ ಒಂದೇ. ಎರಡು ಮೂರು ಗುಜರಿ ಅಂಗಡಿಯವರ ಸ್ನೇಹ ಬೆಳೆಸಿಕೊಳ್ಳಿ. ನಿಮ್ಮ ನಂಬರ್ ಕೊಟ್ಟು "ಅಣ್ಣಾ, ಹಳೇ ಕನ್ನಡ ಪುಸ್ತಕ ಬಂದ್ರೆ ರಟ್ಟು ಕೀಳಬೇಡಿ, ಒಂದು ಫೋಟೋ ಹಾಕಿ, ನಾನೇ ಬರ್ತೀನಿ" ಅನ್ನಿ. ಕೆಜಿ ಲೆಕ್ಕಕ್ಕಿಂತ ಒಂದಿಷ್ಟು ಜಾಸ್ತಿ ಕೊಡಿ. ಹೋದಾಗಲೆಲ್ಲ ಏನಾದರೂ ಕೊಂಡುಕೊಳ್ಳಿ. ಯುಗಾದಿಗೆ, ದಸರೆಗೆ ಮುಂಚಿನ ಎರಡು ವಾರ ತಪ್ಪಿಸಬೇಡಿ. ಮನೆಗಳಿಗೆ ಸುಣ್ಣಬಣ್ಣ ಆಗುವಾಗಲೇ ಅಟ್ಟ ಖಾಲಿಯಾಗುವುದು. ರಜೆಯಲ್ಲಿ ಕೋಲಾರದ ಕಡೆ ಹೋದರೆ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯನ್ನೂ ನೋಡಿ ಬನ್ನಿ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಎಷ್ಟೋ ಸಂಸಾರಗಳು ಊರು ಬಿಟ್ಟವು. ಅಲ್ಲಿ ನನಗೆ ಸಿಕ್ಕಿದ್ದು ಹೆಚ್ಚಾಗಿ ಇಂಗ್ಲಿಷು, ತಮಿಳು. ಕನ್ನಡ ಅಪರೂಪ. ಬೆಂಗಳೂರಿನ ಅವೆನ್ಯೂ ರಸ್ತೆ ನಿಮಗೆ ಗೊತ್ತೇ ಇರುತ್ತದೆ. ಬ್ರಿಗೇಡ್ ರಸ್ತೆಯ ಪಕ್ಕದ ಸೆಲೆಕ್ಟ್ ಬುಕ್ ಶಾಪ್ 1945ರಿಂದ ಇದೆ. ಅಂಥ ಕಡೆ ಪುಸ್ತಕದ ಬೆಲೆ ಬಲ್ಲವರು ಕೂತಿರುತ್ತಾರೆ. ಕಲಿಯಲು ಒಳ್ಳೆಯ ಜಾಗ. ಆದರೆ ಗುಬ್ಬಿ, ತಿಪಟೂರು, ಮಧುಗಿರಿಯ ತೆಳು ಪುಸ್ತಕ ಸಿಗುವುದು ಗುಬ್ಬಿ, ತಿಪಟೂರು, ಮಧುಗಿರಿಯಲ್ಲೇ.

ದೊಡ್ಡ ಪುಸ್ತಕಗಳನ್ನು ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಬಿ.ಎಲ್. ರೈಸ್ ಅವರ ಶಾಸನ ಸಂಪುಟಗಳಲ್ಲಿ ತುಮಕೂರಿನದು 12ನೆಯದು, 1904ರಲ್ಲಿ ಬಂತು. ಕೋಲಾರದ್ದು 10ನೆಯದು, 1905ರದು. ನಿಮ್ಮ ಊರಿನ ಕೆರೆ ಏರಿಯ ಕಲ್ಲಿನಲ್ಲಿ ಏನು ಬರೆದಿದೆ ಎಂಬುದು ಅದರೊಳಗೆ ಇರಬಹುದು. ಇವು ಮೂಲ ಅಚ್ಚಿನಲ್ಲಿ ಸಿಕ್ಕರೆ ಸಾವಿರಗಳ ಮಾತೇ. ಕಿಟೆಲ್ ನಿಘಂಟು ಕೂಡ ಹಾಗೆ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್‌ನಿಂದ ಬಂದದ್ದು, ಎಪ್ಪತ್ತು ಸಾವಿರದಷ್ಟು ಪದ. ಆದರೆ ಇಲ್ಲೂ ಮೋಸ ಹೋಗುವುದು ಸುಲಭ. ಆ ಪುಸ್ತಕವನ್ನು ಆಮೇಲೆ ದೆಹಲಿಯಲ್ಲಿ ಇದ್ದದ್ದು ಇದ್ದ ಹಾಗೇ ಫೋಟೋ ತೆಗೆದು ಅಚ್ಚು ಹಾಕಿದರು. ಹಳೆಯ ಹೆಸರು ಪುಟ ಹಾಗೇ ಇರುತ್ತದೆ, 1894 ಎಂದೇ ಕಾಣುತ್ತದೆ.

ಇದನ್ನು ಕಂಡುಹಿಡಿಯುವುದು ಬೆರಳಿನಿಂದ. ಒಂದು ಪುಟವನ್ನು ಎತ್ತಿ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಮೊಳೆ ಜೋಡಿಸಿ ಅಚ್ಚು ಹಾಕಿದ ಪುಟವಾದರೆ ಅಕ್ಷರ ಕಾಗದದೊಳಕ್ಕೆ ಒತ್ತಿಕೊಂಡಿರುತ್ತದೆ. ಪುಟದ ಹಿಂಬದಿ ಮೆಲ್ಲಗೆ ಬೆರಳು ಆಡಿಸಿದರೆ ರಾಗಿ ಕಾಳಿನ ಹಾಗೆ ತರಿತರಿ ಸಿಗುತ್ತದೆ. ಕೆಲವು ಅಕ್ಷರದ ಅಂಚಿನಲ್ಲಿ ಮಸಿ ದಪ್ಪಗೆ, ನಡುವೆ ತೆಳ್ಳಗೆ. ಒಂದೇ ಸಾಲಿನಲ್ಲಿ ಒಂದು ಅಕ್ಷರ ಸ್ವಲ್ಪ ಮೇಲೆ ಕೂತಿರುತ್ತದೆ. ಫೋಟೋ ತೆಗೆದು ಅಚ್ಚು ಹಾಕಿದ ಆಫ್‌ಸೆಟ್ ಪುಟ ಮಾತ್ರ ನುಣ್ಣಗೆ, ಸಪಾಟು. ಇನ್ನೊಂದು ಬಗೆ ಕಲ್ಲಚ್ಚು. ಕೈಬರಹವನ್ನು ಕಲ್ಲಿನ ಮೇಲಿಂದ ಇಳಿಸಿದ್ದು. 1843ರಲ್ಲಿ ಬಂದ ಕನ್ನಡದ ಮೊದಲ ಪತ್ರಿಕೆ ಕೂಡ ಕಲ್ಲಚ್ಚಿನದೇ. ಅದರಲ್ಲಿಯೂ ತರಿ ಇರುವುದಿಲ್ಲ. ಆದರೆ ಅಕ್ಷರ ಕೈಯಲ್ಲಿ ಬರೆದ ಹಾಗೇ ಇರುತ್ತದೆ, ಒಂದು 'ಕ' ಇನ್ನೊಂದು 'ಕ'ದ ಹಾಗೆ ಇರುವುದಿಲ್ಲ. ಜೆರಾಕ್ಸ್ ಎಂದು ಎಸೆಯಬೇಡಿ.

ಕೊಳ್ಳುವ ಮೊದಲು ಪುಟ ಎಣಿಸಿ. ಕೆಲವು ಪುಟಗಳ ತಳದಲ್ಲಿ ಒಂದು ಒಂಟಿ ಅಂಕಿ ಇರುತ್ತದೆ. ಅದು ಫಾರಂ ನಂಬರು. ಫಾರಂ ಎಂದರೆ ಒಂದೇ ದೊಡ್ಡ ಹಾಳೆಯಲ್ಲಿ ಅಚ್ಚಾಗಿ ಮಡಚಿದ ಪುಟಗಳ ಗುಂಪು. ಎಂಟು ಪುಟಕ್ಕೋ ಹದಿನಾರು ಪುಟಕ್ಕೋ ಒಂದರಂತೆ ಬರುತ್ತದೆ. ನಡುವೆ ಒಂದು ನಂಬರ್ ಹಾರಿದ್ದರೆ ಇಡೀ ಫಾರಂ ಇಲ್ಲ ಎಂದೇ ಅರ್ಥ. ಲೈಬ್ರರಿ ಮುದ್ರೆ ಇದ್ದರೆ ಅದು ರದ್ದು ಮಾಡಿ ಹೊರಗೆ ಹಾಕಿದ್ದೇ ಎಂದು ನೋಡಿ. ರದ್ದಿನ ಗುರುತು ಇಲ್ಲದಿದ್ದರೆ ನಾನು ಕೊಳ್ಳುವುದಿಲ್ಲ, ಆ ಲೈಬ್ರರಿಗೆ ಒಂದು ಫೋನ್ ಮಾಡುತ್ತೇನೆ.

ಅದೇ ಪೆಟ್ಟಿಗೆಗಳಲ್ಲಿ ಕೆಲವೊಮ್ಮೆ ಪುಸ್ತಕ ಅಲ್ಲದ್ದೂ ಬರುತ್ತದೆ. ಶಾನುಭೋಗರ ಮನೆಯಿಂದ ಕಡತ ಬರಬಹುದು. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲು ಬಳಿದು ಕಪ್ಪಗೆ ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿದ್ದು. ಬಳಪದಲ್ಲಿ ಬರೆದಿರುತ್ತಾರೆ. ದೂಳು ಅಂತ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು, ಲೆಕ್ಕವೆಲ್ಲ ಅಳಿಸಿಹೋಗುತ್ತದೆ. ತಾಳೆಗರಿ ಕಟ್ಟು ಸಿಕ್ಕರೆ ಮಾತ್ರ ವ್ಯಾಪಾರಕ್ಕೆ ಇಳಿಯಬೇಡಿ. 1972ರ ಪುರಾತನ ವಸ್ತುಗಳ ಕಾಯಿದೆ ಪ್ರಕಾರ ಇತಿಹಾಸಕ್ಕೋ ಸಾಹಿತ್ಯಕ್ಕೋ ಬೆಲೆಯುಳ್ಳ, 75 ವರ್ಷ ದಾಟಿದ ಹಸ್ತಪ್ರತಿ ಪುರಾತನ ವಸ್ತು. ಅದನ್ನು ಮಾರಲು ಲೈಸೆನ್ಸ್ ಬೇಕು. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೋ ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೋ ತಿಳಿಸಿ. ಓದಬಲ್ಲವರ ಕೈಗೆ ಹೋಗಲಿ.

ಮನೆಗೆ ತಂದ ಪುಸ್ತಕವನ್ನು ಸೀದಾ ಕಪಾಟಿಗೆ ಸೇರಿಸಬೇಡಿ. ಗುಜರಿಯ ಹುಳ ನಿಮ್ಮ ಬೇರೆ ಪುಸ್ತಕಗಳಿಗೂ ಹತ್ತುತ್ತದೆ. ನಾನು ಪ್ಲಾಸ್ಟಿಕ್ ಕವರಿನಲ್ಲಿ ಗಾಳಿ ಆಡದ ಹಾಗೆ ಸುತ್ತಿ ಎರಡು ವಾರ ಫ್ರೀಜರಿನಲ್ಲಿ ಇಡುತ್ತೇನೆ. ಹೊರಗೆ ತೆಗೆದ ಮೇಲೆ ಒಂದು ದಿನ ಕವರು ಬಿಚ್ಚಬಾರದು. ಬಿಚ್ಚಿದರೆ ಹನಿ ಕೂತು ಕಾಗದ ಒದ್ದೆಯಾಗುತ್ತದೆ. ಆಮೇಲೆ ಮೆತ್ತನೆಯ ಬ್ರಷ್‌ನಿಂದ ಹೊಲಿಗೆಯ ಕಡೆಯಿಂದ ಹೊರಗಡೆಗೆ ದೂಳು ತೆಗೆಯಿರಿ. ಬಿಸಿಲಿಗೆ ಹಾಕಬೇಡಿ. ನೆರಳಲ್ಲಿ ಗಾಳಿಗಿಟ್ಟರೆ ಸಾಕು. ಕಪಾಟಿನಲ್ಲಿ ಬಜೆ ಬೇರಿನ ತುಂಡನ್ನು ಬಟ್ಟೆಯಲ್ಲಿ ಕಟ್ಟಿ ಇಡುವುದು ನಮ್ಮ ಹಿರಿಯರ ಕ್ರಮ, ನಾನೂ ಇಡುತ್ತೇನೆ. ಸೆಲ್ಲೋಟೇಪು ಮಾತ್ರ ಖಂಡಿತ ಬೇಡ. ಹತ್ತು ವರ್ಷಕ್ಕೆ ಟೇಪು ಉದುರುತ್ತದೆ, ಅಂಟು ಕಾಗದದೊಳಗೆ ಇಳಿದು ಕಂದು ಪಟ್ಟಿ ಬಿಡುತ್ತದೆ. ಅದನ್ನು ತೆಗೆಯಲು ಆಗುವುದಿಲ್ಲ.

ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗುವ ಹಾಗೆ ಹಾಕಬಹುದೇ ಎಂದು ಮುಂದೆ ನೀವು ಕೇಳೇ ಕೇಳುತ್ತೀರಿ. ಲೇಖಕರು ತೀರಿಕೊಂಡು 60 ವರ್ಷ ಕಳೆದಿದ್ದರೆ ಹಾಕಬಹುದು. ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ.ಶ್ರೀ ತೀರಿಕೊಂಡದ್ದು 1946ರಲ್ಲಿ, ಅವರ ಬರಹಕ್ಕೆ ಅಡ್ಡಿಯಿಲ್ಲ. ಮುಳಬಾಗಿಲಿನ ಡಿವಿಜಿ 1975ರಲ್ಲಿ ಹೋದರು, ಮಾಸ್ತಿ 1986ರಲ್ಲಿ. ಅವರ ಪುಸ್ತಕಗಳಿಗೆ ಇನ್ನೂ ಕಾಯಬೇಕು. ಕೊಳ್ಳುವ ಮೊದಲೂ ಒಮ್ಮೆ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಹುಡುಕಿ ನೋಡಿ. ಅಲ್ಲಿ ಸಾವಿರಾರು ಕನ್ನಡ ಪುಸ್ತಕಗಳಿವೆ. ಅಲ್ಲಿಲ್ಲದ ತೆಳು ಪುಸ್ತಕ ನಿಮ್ಮ ಕೈಗೆ ಬಂದರೆ ಅದನ್ನು ಬಿಡಲೇಬೇಡಿ.

ಈಗ ಆ ಕಟ್ಟಿಗೆ ಬರೋಣ. ಅವರು ಐವತ್ತು ಕೇಳಿದರೆ ಚೌಕಾಸಿ ಮಾಡದೆ ನೂರು ಕೊಡಿ. ಪುಸ್ತಕ ಯಾವ ಊರಿನ, ಯಾವ ಮನೆಯಿಂದ ಬಂತು ಎಂದು ಅಲ್ಲೇ ಕೇಳಿ ಬರೆದುಕೊಳ್ಳಿ. ನಾಳೆ ಅವರಿಗೂ ಮರೆತುಹೋಗುತ್ತದೆ. ಅಂಗಡಿಯ ನೆಲದ ಮೇಲೆ ಉದುರಿದ ಬಿಡಿ ಹಾಳೆ ಇದ್ದರೆ ಅದನ್ನೂ ಆರಿಸಿಕೊಳ್ಳಿ, ಅದರಲ್ಲೇ ಮುಖಪುಟ ಇರಬಹುದು. ಕಟ್ಟಿದ ದಾರವನ್ನು ಅಲ್ಲಿ ಬಿಚ್ಚಬೇಡಿ. ಯಾರೋ ಒಬ್ಬರು ನಾಟಕ ನೋಡಿ ಬಂದು ಒಂದರ ಮೇಲೊಂದು ಇಟ್ಟ ಕಟ್ಟು ಅದು. ಮೇಲಿಂದ ಕೆಳಕ್ಕೆ ಇರುವ ಆ ಕ್ರಮದಲ್ಲೇ ಯಾವ ನಾಟಕದ ಮುಂದೆ ಯಾವುದು ಎಂದು ಗೊತ್ತಾಗಬಹುದು. ಮನೆಯಲ್ಲಿ ಬಿಳಿ ಪಂಚೆ ಹಾಸಿ, ಒಂದೊಂದನ್ನೇ ಎತ್ತಿ, ಎತ್ತಿದ ಕ್ರಮದಲ್ಲೇ ನಂಬರ್ ಚೀಟಿ ಇಟ್ಟು ಫೋಟೋ ತೆಗೆಯಿರಿ. ಪ್ರತಿಯೊಂದರ ಕೊನೆಯ ಪುಟವನ್ನು ಮರೆಯದೆ ತೆಗೆಯಿರಿ. ಪ್ರೆಸ್ಸಿನ ಹೆಸರು ಎಷ್ಟೋ ಸಲ ಅಲ್ಲೇ ಇರುತ್ತದೆ. ಫೋಟೋ ನನಗೆ ಕಳಿಸಿ, ಇಬ್ಬರೂ ಕೂತು ಸಂವತ್ಸರ ಲೆಕ್ಕ ಹಾಕೋಣ.